ಹಿಮ್ಮಡಿ ನೋವಿಗೆ ಎಂಸಿಆರ್ ಚಪ್ಪಲಿನಾ, ಸಿಲಿಕಾನ್ ಪ್ಯಾಡಾ, ಸ್ಪೋರ್ಟ್ಸ್ ಶೂನಾ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಎಂಸಿಆರ್ ಅನ್ನೋ ಮೆತ್ತನೆಯ ರಬ್ಬರಿನ ಚಪ್ಪಲಿಗೆ. ಮೂರನ್ನೂ ದುಡ್ಡು ಕೊಟ್ಟು ತಂದು, ತಿಂಗಳುಗಟ್ಟಲೆ ಹಾಕಿ ನೋಡಿದ್ದೇನೆ. ಸಿಲಿಕಾನ್ ಪ್ಯಾಡಿಗೆ 280 ರೂಪಾಯಿ, ಶೂಗೆ 2,900, ಚಪ್ಪಲಿಗೆ 550. ಕೊಂಡಿದ್ದೂ ಇದೇ ಕ್ರಮದಲ್ಲಿ. ಚಪ್ಪಲಿಯನ್ನೇ ಮೊದಲು ತಂದಿದ್ದರೆ ಉಳಿದೆರಡರ ದುಡ್ಡು ಉಳಿಯುತ್ತಿತ್ತು.

ನಾನು ದಾವಣಗೆರೆಯ ಚೌಕಿಪೇಟೆಯಲ್ಲಿ ಒಂದು ಸೀರೆ ಅಂಗಡಿಯಲ್ಲಿ ಕೆಲಸ ಮಾಡುತ್ತೇನೆ. ಬೆಳಗ್ಗೆ ಹತ್ತರಿಂದ ರಾತ್ರಿ ಎಂಟೂವರೆವರೆಗೆ ನಿಂತೇ ಇರಬೇಕು. ಹೋದ ವರ್ಷ ಮದುವೆ ಸೀಸನ್ನಿನಲ್ಲಿ ಬಲಗಾಲಿನ ಹಿಮ್ಮಡಿ ನೋಯಲು ಶುರುವಾಯಿತು. ಬೆಳಗ್ಗೆ ಎದ್ದು ಮೊದಲ ಹೆಜ್ಜೆ ಇಟ್ಟರೆ ಮೊಳೆ ಚುಚ್ಚಿದ ಹಾಗೆ. ಅಡುಗೆಮನೆ ಸೇರುವಷ್ಟರಲ್ಲಿ ಸ್ವಲ್ಪ ಕಡಿಮೆ. ಕಡಿಮೆ ಆಗುತ್ತಲ್ಲ ಅಂತ ಐದು ತಿಂಗಳು ಮೆಡಿಕಲ್ ಶಾಪಿನ ಮಾತ್ರೆಯಲ್ಲೇ ದೂಡಿದೆ. ಅದು ನಾನು ಮಾಡಿದ ದೊಡ್ಡ ತಪ್ಪು.

ಸಿಲಿಕಾನ್ ಪ್ಯಾಡ್ ಬಗ್ಗೆ ಜಾಸ್ತಿ ಹೇಳೋದಿಲ್ಲ. ಚಪ್ಪಲಿಯೊಳಗೆ ಇಟ್ಟರೆ ಜಾರಿ ಹಿಂದಿನಿಂದ ಹೊರಗೆ ಬರುತ್ತದೆ. ಕಾಲುಚೀಲದೊಳಗೆ ಇಟ್ಟುಕೊಂಡರೆ ಟೈಲ್ಸ್ ಮೇಲೆ ಕಾಲು ಜಾರುತ್ತದೆ. ದಿನವೂ ಶೂ ಹಾಕುವವರಿಗೆ ಮಾತ್ರ ಸರಿ.

ಶೂ ನಿಜವಾಗಿಯೂ ಚೆನ್ನಾಗಿತ್ತು. ಭಾನುವಾರ ಕುಂದವಾಡ ಕೆರೆ ಏರಿ ಮೇಲೆ ಶೂ ಹಾಕಿಕೊಂಡು ನಡೆದರೆ ನೋವೇ ಇರುತ್ತಿರಲಿಲ್ಲ. ಆದರೆ ವಾರಕ್ಕೊಂದು ದಿನ ಒಂದು ಗಂಟೆಗೆ 2,900 ರೂಪಾಯಿ ನನ್ನಂಥ ಸಂಬಳದವರಿಗೆ ಭಾರ. ನಮ್ಮೂರ ಏಪ್ರಿಲ್ ಬಿಸಿಲಲ್ಲಿ ಶೂ ಒಳಗೆ ಕಾಲು ಬೇಯುತ್ತದೆ, ಅದು ಬೇರೆ.

ಎಂಸಿಆರ್ ಅಂದರೆ ಮೈಕ್ರೋ ಸೆಲ್ಯುಲರ್ ರಬ್ಬರ್. ಒಳಗೆಲ್ಲ ಸಣ್ಣ ಸಣ್ಣ ಗಾಳಿ ಗುಳ್ಳೆ ಇರುವ ರಬ್ಬರ್. ಕುಷ್ಠರೋಗದಿಂದ ಪಾದದ ಸ್ಪರ್ಶ ಹೋದವರಿಗೆ ಗಾಯ ಆಗದಿರಲಿ ಅಂತ ನಮ್ಮ ದೇಶದಲ್ಲಿ ದಶಕಗಳಿಂದ ಇದರ ಚಪ್ಪಲಿ ಕೊಡುತ್ತಾ ಬಂದಿದ್ದಾರೆ. ಮೈಯ ಭಾರವನ್ನು ಹಿಮ್ಮಡಿಯ ಒಂದೇ ಜಾಗಕ್ಕೆ ಬಿಡದೆ ಇಡೀ ಪಾದಕ್ಕೆ ಹಂಚುತ್ತದೆ. ಹಾಕಿಕೊಂಡ ಮೂರನೇ ವಾರಕ್ಕೆ ಸಂಜೆಯ ನೋವು ಅರ್ಧ ಇಳಿದಿತ್ತು.

ಆದರೆ ಒಂದು ತೊಡಕು ಮಾತ್ರ ನನ್ನನ್ನು ತುಂಬಾ ಸತಾಯಿಸಿತು. ಚಪ್ಪಲಿ ಎಷ್ಟೇ ಒಳ್ಳೆಯದಿದ್ದರೂ ಹಾಕಿಕೊಳ್ಳೋದು ಯಾವಾಗ? ನಮ್ಮದು ಗಾದಿ ಹಾಸಿದ ಹಳೇ ಕಾಲದ ಅಂಗಡಿ. ಗಿರಾಕಿಗಳೂ ಚಪ್ಪಲಿ ಹೊರಗೆ ಬಿಟ್ಟೇ ಬರುತ್ತಾರೆ, ನಾವಂತೂ ಬರಿಗಾಲು. ಮನೆಯಲ್ಲಿ ಹೊಸ್ತಿಲು ದಾಟಿದರೆ ಬರಿಗಾಲು, ಕೆಳಗೆ ಗ್ರಾನೈಟ್. ಲೆಕ್ಕ ಹಾಕಿದರೆ ದಿನಕ್ಕೆ ನಲವತ್ತು ನಿಮಿಷ ಚಪ್ಪಲಿ ಕಾಲಲ್ಲಿ ಇರುತ್ತಿತ್ತು, ಅದೂ ಅಂಗಡಿಗೆ ಹೋಗಿ ಬರುವ ದಾರಿಯಲ್ಲಿ. ನೋವು ಕೊಡುತ್ತಿದ್ದದ್ದು ಉಳಿದ ಹೊತ್ತು.

ಇನ್ನೊಂದು ಜೊತೆ ತಂದೆ, ಹೊರಗಿನ ಮಣ್ಣು ಮುಟ್ಟಿಸದೆ ಮನೆ ಒಳಗೆ ಮಾತ್ರ ಹಾಕೋದಕ್ಕೆ. ಮೊದಲ ದಿನವೇ ಅತ್ತೆ, "ಒಲೆ ಮುಂದೆ ಚಪ್ಪಲಿ ಮೆಟ್ಕೊಂಡು ನಿಲ್ತೀಯೇನವ್ವ?" ಅಂದರು. ಅವರ ಮನಸ್ಸು ನೋಯಿಸೋಕೆ ನನಗೂ ಇಷ್ಟ ಇರಲಿಲ್ಲ. ವಾರ ಪೂರ್ತಿ ಅವರು ಹಿತ್ತಲಿಗೆ ಹೋದಾಗ ಹಾಕಿಕೊಳ್ಳೋದು, ಬಂದಾಗ ಬಿಡೋದು. ಆಮೇಲೆ ಒಂದು ಬೆಳಗ್ಗೆ ನಾನು ಗೋಡೆ ಹಿಡಿದುಕೊಂಡು ಬಚ್ಚಲಿಗೆ ಹೋಗೋದನ್ನು ನೋಡಿ ಅವರೇ, "ಹಾಕ್ಕೋ, ದೇವರ ಜಗಲಿ ಹತ್ರ ಮಾತ್ರ ಬಿಡು" ಅಂದರು. ಈಗ ಹಾಗೇ ನಡೆಯುತ್ತಿದೆ. ಅಂಗಡಿಯಲ್ಲಿ ಯಜಮಾನರಿಗೆ ಡಾಕ್ಟರ ಚೀಟಿ ತೋರಿಸಿ ಕೇಳಿದೆ. ಗಾದಿ ಮೇಲೆ ಬೇಡ, ಬೀರು ಪಕ್ಕದ ನೆಲದಲ್ಲಿ ಹಾಕಿಕೋ ಅಂದರು. ಅಷ್ಟಕ್ಕೇ ಎಷ್ಟು ಹಗುರಾಯಿತು ಅಂದರೆ, ಮೊದಲೇ ಯಾಕೆ ಕೇಳಲಿಲ್ಲ ಅನ್ನಿಸಿತು.

ಆ ಚೀಟಿಯ ವಿಷಯಕ್ಕೆ ಬರುತ್ತೇನೆ. ಐದು ತಿಂಗಳಾದ ಮೇಲೆ ಒಂದು ಕ್ಲಿನಿಕ್ಕಿಗೆ ಹೋಗಿದ್ದೆ. ಎಕ್ಸ್-ರೇ ನೋಡಿ ಮೂಳೆ ಬೆಳೆದಿದೆ, ಇಂಜೆಕ್ಷನ್ ಮಾಡೋಣ ಅಂದರು. ಹೆದರಿಕೆಯಾಗಿ ವಾಪಸ್ ಬಂದು ಚಿಗಟೇರಿ ಜಿಲ್ಲಾಸ್ಪತ್ರೆಯ ಮೂಳೆ ವಿಭಾಗದಲ್ಲಿ ತೋರಿಸಿದೆ. ಹಿಮ್ಮಡಿ ಮೂಳೆಯಿಂದ ಬೆರಳ ಬುಡದವರೆಗೆ ಪಾದದ ಅಡಿಯಲ್ಲಿ ಒಂದು ದಪ್ಪ ಪಟ್ಟಿ ಇದೆಯಂತೆ, ಪ್ಲಾಂಟಾರ್ ಫೇಶಿಯಾ ಅಂತ. ಬಿಲ್ಲಿಗೆ ಹೆದೆ ಇದ್ದ ಹಾಗೆ. ನಿದ್ದೆಯಲ್ಲಿ ಅದು ಬಿಗಿಯಾಗಿ, ಎದ್ದು ನಿಂತ ಕೂಡಲೇ ಜಗ್ಗುತ್ತದೆ. ಮೂಳೆ ಬೆಳೆದಿರೋದು ನೋವೇ ಇಲ್ಲದ ಎಷ್ಟೋ ಜನರ ಎಕ್ಸ್-ರೇಯಲ್ಲೂ ಕಾಣುತ್ತದೆ, ಅದೇ ಕಾರಣ ಅಂತ ಹೇಳಲು ಬರೋದಿಲ್ಲ. ಸ್ಟೀರಾಯ್ಡ್ ಇಂಜೆಕ್ಷನ್ ಕೆಲವು ವಾರ ಆರಾಮ ಕೊಡುತ್ತದೆ, ಆದರೆ ಪದೇ ಪದೇ ಮಾಡಿಸಿದರೆ ಹಿಮ್ಮಡಿಯ ಕೊಬ್ಬಿನ ಮೆತ್ತೆ ತೆಳುವಾಗಬಹುದು, ಪಟ್ಟಿ ಹರಿಯಲೂಬಹುದು. ಆಪರೇಷನ್ ಇಲ್ಲದೆ ಒಂದು ವರ್ಷದೊಳಗೆ ಹೆಚ್ಚಿನವರಿಗೆ ವಾಸಿಯಾಗುತ್ತದೆ ಅಂದಾಗ ನನಗೆ ಉಸಿರು ಬಂದಂತಾಯಿತು.

ಚಪ್ಪಲಿ ಜೊತೆಗೆ ವ್ಯಾಯಾಮವನ್ನೂ ಬರೆದುಕೊಟ್ಟರು. ಹಾಸಿಗೆ ಬಿಡುವ ಮೊದಲೇ ಪಾದಕ್ಕೆ ಟವೆಲ್ ಸಿಕ್ಕಿಸಿ ಬೆರಳುಗಳನ್ನು ನಮ್ಮ ಕಡೆ ಎಳೆದುಕೊಳ್ಳೋದು, ಅರ್ಧ ನಿಮಿಷ, ಮೂರು ಸಲ. ಗೋಡೆಗೆ ಕೈ ಕೊಟ್ಟು ಮೀನಖಂಡ ಹಿಗ್ಗಿಸೋದು. ರಾತ್ರಿ ಫ್ರೀಜರಿನಲ್ಲಿಟ್ಟ ನೀರಿನ ಬಾಟಲಿ ಮೇಲೆ ಪಾದ ಉರುಳಿಸೋದು. ಇದು ಬಿಟ್ಟರೆ ನನಗೆ ನಾಲ್ಕೇ ದಿನದಲ್ಲಿ ಬೆಳಗಿನ ಚುಚ್ಚು ವಾಪಸ್ ಬರುತ್ತದೆ.

ಸಕ್ಕರೆ ಕಾಯಿಲೆ ಇರುವವರು ಮಾತ್ರ ನನ್ನ ಹಾಗೆ ಮೂರು ತಂದು ಪರೀಕ್ಷೆ ಮಾಡುತ್ತಾ ಕೂರಬೇಡಿ, ದಯವಿಟ್ಟು. ಅವರಿಗೆ ಪಾದದ ಸ್ಪರ್ಶ ಕಡಿಮೆಯಾಗಿದ್ದರೆ ಗಾಯ ಆಗಿದ್ದೇ ಗೊತ್ತಾಗೋದಿಲ್ಲ. ಆಸ್ಪತ್ರೆಯಲ್ಲಿ ಒಂದು ನೈಲಾನ್ ಎಳೆ ಮುಟ್ಟಿಸಿ ಸ್ಪರ್ಶ ನೋಡುತ್ತಾರೆ, ನೋವಾಗೋದಿಲ್ಲ. ಅಂಥವರು ಮನೆ ಒಳಗೂ ಬರಿಗಾಲಲ್ಲಿ ಓಡಾಡಬಾರದು, ಬೆರಳ ಸಂದಿಗೆ ಬಾರು ಬರುವ ಚಪ್ಪಲಿ ಬಿಟ್ಟು ಹಿಂದೆ ಪಟ್ಟಿ ಇರುವುದನ್ನು ತೆಗೆದುಕೊಳ್ಳಬೇಕು.

ಕಾಲು ಉಳುಕಿದಾಗಲೂ ಅಷ್ಟೇ. ನಮ್ಮ ಓಣಿಯ ಹುಡುಗನೊಬ್ಬ ಬೈಕಿನಿಂದ ಬಿದ್ದಾಗ ಉಳುಕು ಅಂತ ಎಣ್ಣೆ ಹಚ್ಚಿ ತಿಕ್ಕಿಸಿದರು, ಹನ್ನೆರಡು ದಿನ ಆದ ಮೇಲೆ ನೋಡಿದರೆ ಮೂಳೆ ಬಿರುಕು ಬಿಟ್ಟಿತ್ತು. ಆ ಕಾಲಿನ ಮೇಲೆ ಭಾರ ಹಾಕಿ ನಾಲ್ಕು ಹೆಜ್ಜೆ ಇಡೋಕೆ ಆಗದಿದ್ದರೆ, ಇಲ್ಲಾ ಪಾದದ ಗಂಟಿನ ಪಕ್ಕ ಉಬ್ಬಿರುವ ಮೂಳೆಯ ಹಿಂದೆ ಒತ್ತಿದಾಗ ನೋವಾದರೆ, ತಿಕ್ಕಿಸದೆ ಅವತ್ತೇ ಎಕ್ಸ್-ರೇ ಮಾಡಿಸಿ.

ಎಂಸಿಆರ್ ಕೊಳ್ಳುವಾಗ ಒಂದು ಮಾತು. ಬರೀ ಫೋಮಿಗೆ ಎಂಸಿಆರ್ ಅಂತ ಹೆಸರು ಹೇಳಿ ಮಾರುವವರೂ ಇದ್ದಾರೆ. ಹೆಬ್ಬೆರಳಿನಿಂದ ಒತ್ತಿ ಬಿಟ್ಟಾಗ ತಕ್ಷಣ ಮೇಲೆ ಬರಬೇಕು, ಗುಳಿ ಉಳಿದರೆ ಬಿಡಿ. ಅಟ್ಟೆಯ ಕೆಳಗಿನ ಪದರ ಗಟ್ಟಿ ಇರಬೇಕು, ಮೇಲೆ ಮಾತ್ರ ಮೆತ್ತಗೆ. ಸಂಜೆ ಹೊತ್ತು ಹೋಗಿ ಕೊಳ್ಳಿ, ಆಗ ಪಾದ ಸ್ವಲ್ಪ ಊದಿರುತ್ತದೆ, ಅಳತೆ ಸರಿಯಾಗಿ ಸಿಗುತ್ತದೆ. ನನ್ನ ಹೊರಗಿನ ಜೊತೆ ಹತ್ತು ತಿಂಗಳಿಗೆ ಹಿಮ್ಮಡಿ ಕಡೆ ಸವೆದಿದೆ. ಈ ತಿಂಗಳ ಸಂಬಳದಲ್ಲಿ ಅದನ್ನು ಬದಲಿಸುತ್ತೇನೆ, ಶೂ ಮಾತ್ರ ಇನ್ನು ಕೊಳ್ಳೋದಿಲ್ಲ.