ಹೊಲದಾಗಿನ ಪ್ಯಾನೆಲ್ ಮನಿ, ಒಂದು ವರ್ಷ ಇದ್ದು ನೋಡಿದ ಮ್ಯಾಲೆ

ವಿಜಯಪುರ ಜಿಲ್ಲಾದ ತಿಕೋಟಾ ಕಡೆ ನಮ್ಮ ದ್ರಾಕ್ಷಿ ತ್ವಾಟದಾಗ ಹೋದ ವರ್ಷ ಎರಡು ಖೋಲಿ, ಒಂದು ಅಡಗಿಮನಿ ಇರೋ ರೆಡಿಮೇಡ್ ಮನಿ ನಿಲ್ಲಿಸಿದ್ವಿ. ಫ್ಯಾಕ್ಟರಿಯೊಳಗ ಮಾಡಿದ ಪಫ್ ಪ್ಯಾನೆಲ್ (ಎರಡು ತಗಡಿನ ನಡುವ ಫೋಮು ತುಂಬಿದ ಹಲಗಿ) ಲಾರಿಯಾಗ ಬಂದ್ವು, ಕಬ್ಬಿಣದ ಚೌಕಟ್ಟಿಗೆ ಬೋಲ್ಟ್ ಹಾಕಿ ಕೂಡಿಸಿದ್ರು, ಎಂಟು ದಿನಕ್ಕ ಗ್ವಾಡಿ ಚಾವಣಿ ಎಲ್ಲಾ ಮುಗೀತು. ಆದ್ರ ಪಾಯಾಕ್ಕ ಒಂದು ತಿಂಗಳ ಹಿಡೀತು. ನಮ್ಮದು ಎರಿ ಮಣ್ಣು, ಮಳಿಗಾಲದಾಗ ಉಬ್ಬತೈತಿ ಬ್ಯಾಸಗ್ಯಾಗ ಬಿರಿತೈತಿ, ಮನಿ ಹಗುರ ಇದ್ದಷ್ಟೂ ಆ ಮಣ್ಣಿಗೆ ಎತ್ತೂದು ಸರಳ. ಕಂಪನಿಯವ್ರು "ಹಗುರ ಮನಿ ರೀ, ಬರೇ ಕಾಂಕ್ರೀಟ್ ಬೆಡ್ ಸಾಕು" ಅಂದ್ರು, ನಾವು ಕೇಳಲಿಲ್ಲ, ಎರಿ ತಗಸಿ ಗರಸು ತುಂಬಿಸಿದ್ವಿ. ಇವತ್ತಿಗೂ ಒಂದು ಬಾಗಲಾ ಹಿಡಿದಿಲ್ಲ.

ಬಿಸಲು? ಮೇ ತಿಂಗಳ 40 ಡಿಗ್ರಿ ದಾಟಿದಾಗ್ಲೂ ತಗಡಿನ ಶೆಡ್ಡಿನಂಗ ಕಾಯಲಿಲ್ಲ, ಗ್ವಾಡಿ 50 ಎಂಎಂ ಚಾವಣಿ 80 ಎಂಎಂ ದಪ್ಪ ಪ್ಯಾನೆಲ್ ಹಾಕ್ಸೀವಿ. ಮಾಳಿಗಿ ಮನಿ ತಂಪು ಮಾತ್ರ ಇದಕ್ಕ ಬರೂದಿಲ್ಲ, ಮಧ್ಯಾಹ್ನ ಕಿಡಕಿ ತಗದ್ರ ಹತ್ತು ನಿಮಿಷಕ್ಕ ಝಳ ತುಂಬತೈತಿ.

ಪ್ಯಾನೆಲ್‌ಗೆ ಎರಡೂ ಬದಿ ತಗಡು, ಹಂಗಾಗಿ ವೈಫೈ ಒಂದು ಖೋಲಿಯಿಂದ ಇನ್ನೊಂದಕ್ಕ ದಾಟೂದಿಲ್ಲ, ಬಾಗಲ ಹಾಕಿದ್ರ ಫೋನೂ ಹತ್ತೂದಿಲ್ಲ. ನನ್ನ ಮಗ ಮೊದಲ ಹಟ ಹಿಡದು ಪ್ರತಿ ಖೋಲಿಗೂ ನೆಟ್ಟಿನ ವೈರು, ಮ್ಯಾಲೆ ಎರಡು ಖಾಲಿ ಪೈಪು ಹಾಕ್ಸಿದ್ದ, ಸೋಲಾರ್, ಕ್ಯಾಮೆರಾ ವೈರು ಈಗ ಅದರಾಗ ಹೋಗ್ಯಾವ. ಆಮ್ಯಾಲೆ ಕೊರಸಾಕ ಹೋದ್ರ ಪ್ಯಾನೆಲ್ ಹಾಳು. ತಗಡಿನ ಮನಿ, ಅರ್ಥಿಂಗ್ ಗಟ್ಟಿ ಮಾಡಿಸ್ರಿ, ಇದರಾಗ ರೊಕ್ಕ ಉಳಸಬ್ಯಾಡ್ರಿ.

ನಮಗ ತ್ರಾಸ ಆಗಿದ್ದು ಅಡಗಿಮನ್ಯಾಗ. ಅಡಗಿ ಕಟ್ಟಿನ್ನ ಗ್ವಾಡಿಗೇ ಕೂಡಿಸಿದ್ರು, ಅವ್ವ ರೊಟ್ಟಿ ಬಡಿಯಾಕ ಕುಂತ್ಲು ಅಂದ್ರ ಗ್ವಾಡಿ ಧಡಧಡ, ರ‍್ಯಾಕಿನ ಗಂಗಾಳ ಎಲ್ಲಾ ಕುಣೀತಿದ್ವು, ಎಂಟು ದಿನ ಆಕಿ ಹೊರಗ ಒಲಿ ಹೂಡಿ ಬಡದ್ಲು. ಕಟ್ಟಿಗೆ ನೆಲದಿಂದ ಬ್ಯಾರೆ ಕಾಲು ಕೊಡಿಸಿದ ಮ್ಯಾಲೆ ಸುಮ್ಮಾತು. ಮೊದಲ ಮಳಿಗೆ ಎರಡು ಕೂಡು ಸೋರಿದ್ವು, ಮೂರು ಸಲ ಫೋನ್ ಹಚ್ಚಿದ ಮ್ಯಾಲೆ ಬಂದು ಸೀಲ್ ಮಾಡಿದ್ರು.

ಮಗಳು ಬಾಣಂತನಕ್ಕ ಬರಾಕಿ ಇದ್ಲು, ಪಡುವಣ ಗ್ವಾಡಿ ಬೋಲ್ಟ್ ಬಿಚ್ಚಿ ನಾಕು ದಿನದಾಗ ಇನ್ನೊಂದು ಖೋಲಿ ಹಚ್ಚಿದ್ವಿ, ಧೂಳಿಲ್ಲ, ಕ್ಯೂರಿಂಗ್ ಇಲ್ಲ, ಇದಕ್ಕಂತೂ ಪೂರಾ ಮಾರ್ಕ್ಸ್. ತೊಟ್ಟಿಲಿನ ಕೊಂಡಿ ಮಾತ್ರ ಪ್ಯಾನೆಲ್‌ಗೆ ಹಾಕಬ್ಯಾಡ್ರಿ, ಫೋಮು ಭಾರ ತಡಿಯೂದಿಲ್ಲ. ನಾವು ಚೌಕಟ್ಟಿನ ಪೈಪಿಗೇ ವೆಲ್ಡಿಂಗ್ ಮಾಡಿಸಿ, ಎರಡು ಜ್ವಾಳದ ಚೀಲ ಒಂದು ರಾತ್ರಿ ತೂಗಬಿಟ್ಟು ನೋಡಿ, ಆಮ್ಯಾಲೆ ಕೂಸಿನ್ನ ಹಾಕಿದ್ವಿ.