ಹ್ಯಾಸೆಲ್‌ಬ್ಲಾಡ್ ಬೆನ್ನಿಗೆ ಎ12 ಬೇಕೋ, ಹಳೆಯ ಸಿ12 ಸಾಕೋ?

ನನ್ನ ಮತ ಸಿ12ಕ್ಕೆ. ಎರಡೂ ಕ್ಯಾಮೆರಾದ ಬೆನ್ನಿಗೆ ಸಿಕ್ಕಿಸುವ, ಫಿಲ್ಮ್ ರೋಲ್ ಹೊತ್ತ, ಕಳಚಬಹುದಾದ ಡಬ್ಬಿಗಳು, ಅಂದರೆ ಬ್ಯಾಕುಗಳು. ಹ್ಯಾಸೆಲ್‌ಬ್ಲಾಡ್ 500ಸಿ/ಎಂ ಕ್ಯಾಮೆರಾ ಇಟ್ಟುಕೊಂಡವರನ್ನು ಕೇಳಿದರೆ ಕಣ್ಣು ಮುಚ್ಚಿ ಎ12 ಕೊಳ್ಳಿ ಎನ್ನುತ್ತಾರೆ. ನಾನೂ ಕೊಂಡೆ. ಈಗ ಅದು ಬೀರು ಸೇರಿದೆ. ಕ್ಯಾಮೆರಾದ ಬೆನ್ನಿಗಿರುವುದು ಅದಕ್ಕಿಂತ ಹಳೆಯದಾದ, ಅಗ್ಗದ ಸಿ12.

ಎರಡರಲ್ಲೂ 120 ಎಂಬ ಅಗಲ ಫಿಲ್ಮಿನ ಒಂದು ರೋಲಿಗೆ ಹನ್ನೆರಡು ಚೌಕ ಚಿತ್ರಗಳೇ. ವ್ಯತ್ಯಾಸವಿರುವುದು ರೋಲ್ ತುಂಬುವುದರಲ್ಲಿ. ಎ12ರಲ್ಲಿ ಫಿಲ್ಮಿನ ಬೆನ್ನುಕಾಗದದ ಬಾಣವನ್ನು ಇನ್ಸರ್ಟಿನ (ರೋಲ್ ಹಿಡಿದಿಡುವ ಒಳಚೌಕಟ್ಟಿನ) ಗುರುತಿಗೆ ಸರಿಯಾಗಿ ನಿಲ್ಲಿಸಿ, ಒಳಗೆ ತಳ್ಳಿ ಕ್ರ್ಯಾಂಕ್ ತಿರುಗಿಸುತ್ತ ಹೋದರೆ ಒಂದನೇ ಫ್ರೇಮಿಗೆ ಅದು ತಾನೇ ನಿಲ್ಲುತ್ತದೆ. ಸಿ12ರಲ್ಲಿ ಹಿಂಬದಿಯ ಪುಟ್ಟ ಮುಚ್ಚಳ ತೆರೆದು, ಕಿಂಡಿಯಲ್ಲಿ 1 ಕಾಣುವವರೆಗೆ ಕೀಲಿ ತಿರುಗಿಸಬೇಕು. ಆಮೇಲೆ ಕ್ರ್ಯಾಂಕನ್ನು ಹಿಮ್ಮುಖವಾಗಿ ತಿರುಗಿಸಿ ಎಣಿಕೆಯನ್ನು ಒಂದಕ್ಕೆ ತರಬೇಕು. ಸುಡುಬಿಸಿಲಿನಲ್ಲಿ ಆ ಕಿಂಡಿ ತೆರೆಯುವುದು ಒಳ್ಳೆಯದಲ್ಲ, ನೆರಳು ಹುಡುಕಬೇಕು. ಮದುವೆ ಮನೆಯಲ್ಲಿ ಕೆಲಸ ಮಾಡುವವರಿಗೆ ಇದೆಲ್ಲ ಶಿಕ್ಷೆಯೇ.

ಹಾಗಿದ್ದರೆ ಎ12 ಬೀರು ಸೇರಿದ್ದೇಕೆ? ಸಂಖ್ಯೆಗಳ ಜಗಳದಿಂದ. ಈ ಬ್ಯಾಕುಗಳಲ್ಲಿ ಹೊರಕವಚ ಬೇರೆ, ಒಳಗಿನ ಇನ್ಸರ್ಟ್ ಬೇರೆ. ಕವಚದ ಕ್ರಮಸಂಖ್ಯೆಯ ಕೊನೆಯ ಮೂರು ಅಂಕಿಗಳನ್ನು ಇನ್ಸರ್ಟಿನ ಮೇಲೂ ಕೆತ್ತಿರುತ್ತಾರೆ. ಮಾರಿದವರು ಕಳಿಸಿದ್ದು ಹೊರಗಿನ ಚಿತ್ರಗಳನ್ನು ಮಾತ್ರ. ಪೊಟ್ಟಣ ಬಿಚ್ಚಿ ನೋಡಿದರೆ ಕವಚದ್ದೊಂದು ಸಂಖ್ಯೆ, ಇನ್ಸರ್ಟಿನದು ಇನ್ನೊಂದು.

ಮೊದಲ ರೋಲ್ ತೊಳೆಸಿ ತಂದು ಕಿಟಕಿಗೆ ಹಿಡಿದೆ. ಆರಂಭದ ಫ್ರೇಮುಗಳ ನಡುವೆ ಬೆರಳಗಲ ಖಾಲಿ ಜಾಗ. ಮುಂದೆ ಹೋದಂತೆ ಅದು ಕಿರಿದಾಗುತ್ತ ಎಳೆಯಷ್ಟಾಗಿ, ಕೊನೆಯಲ್ಲಿ ಒಂದು ಫ್ರೇಮಿನ ಅಂಚು ಪಕ್ಕದ ಫ್ರೇಮಿನ ಮೇಲೆ ಹತ್ತಿ ಕುಳಿತಿತ್ತು. ಕವಚದ ಗೇರು, ಇನ್ಸರ್ಟಿನ ಗೇರು ವರ್ಷಗಟ್ಟಲೆ ಜೊತೆಯಲ್ಲೇ ಸವೆದಿರುತ್ತವೆ. ಜೋಡಿ ಬದಲಾದರೆ ಲೆಕ್ಕ ತಪ್ಪುತ್ತದೆ. ಎಲ್ಲ ಬೆರಕೆ ಜೋಡಿಗಳೂ ಹೀಗೆ ಕೈಕೊಡುತ್ತವೆ ಎಂದೇನಿಲ್ಲ, ನನ್ನದು ಕೊಟ್ಟಿತು. ರಿಪೇರಿಯವರು ಸರಿಮಾಡಬಹುದು ಎಂದರು. ಅವರು ಹೇಳಿದ ಮೊತ್ತಕ್ಕೆ ಇನ್ನೊಂದು ಬ್ಯಾಕೇ ಬರುತ್ತಿತ್ತು.

ವಯಸ್ಸು ತಿಳಿಯುವುದು ಮಾತ್ರ ಸುಲಭ. ಕ್ರಮಸಂಖ್ಯೆಯ ಆರಂಭದ ಎರಡು ಅಕ್ಷರಗಳೇ ಇಸವಿ. 'ವಿಎಚ್ ಪಿಕ್ಚರ್ಸ್' (VHPICTURES) ಎಂಬುದರ ಹತ್ತು ಇಂಗ್ಲಿಷ್ ಅಕ್ಷರಗಳನ್ನು 1ರಿಂದ 9, ಕೊನೆಗೆ 0 ಎಂದು ಎಣಿಸಿಕೊಂಡರೆ ಯು-ಆರ್ ಎಂದರೆ 1978.

ಬ್ಯಾಕ್ ಕಳಚುವಾಗ ಫಿಲ್ಮಿಗೆ ಬೆಳಕು ತಾಗದಂತೆ ಮರೆಮಾಡುವ ತಗಡು, ಅಂದರೆ ಡಾರ್ಕ್ ಸ್ಲೈಡ್ ತೂರಿಸುವ ಸೀಳಿನೊಳಗಿನ ಬೆಳಕುತಡೆ ಎರಡರಲ್ಲೂ ಸವೆಯುತ್ತದೆ. ಫ್ರೇಮಿನ ಅಂಚಿನಲ್ಲಿ ಬೆಳಕಿನ ಗೆರೆ ಕಂಡರೆ ಬದಲಿಸಲೇಬೇಕು. ಸ್ಲೈಡನ್ನು ಮೂಲೆ ಮುಂದೆ ಮಾಡಿ ತುರುಕದೆ ನೇರವಾಗಿ ತಳ್ಳಿದರೆ ಆ ತಡೆ ಹೆಚ್ಚು ಕಾಲ ಬಾಳುತ್ತದೆ.

ಎ16 ಹದಿನಾರು ಚಿತ್ರ ಕೊಡುತ್ತದೆ, ಆದರೆ ಅವು ಅಡ್ಡ ಚಿತ್ರಗಳು. ಉದ್ದಕ್ಕೆ ಬೇಕೆಂದು ಕ್ಯಾಮೆರಾ ಮಗುಚಿದರೆ ಮೇಲಿನಿಂದ ಇಣುಕುವ ಫೈಂಡರ್ ಪಕ್ಕಕ್ಕೆ ತಿರುಗುತ್ತದೆ. ಎ24ಕ್ಕೆ 120ರ ಎರಡರಷ್ಟು ಉದ್ದದ 220 ರೋಲ್ ಬೇಕು, ಹುಡುಕುವುದೇ ಒಂದು ಕೆಲಸ. ಪೋಲರಾಯ್ಡ್ ಬ್ಯಾಕಿನ ಮಾತು ಬೇಡ. ಫ್ಯೂಜಿ 2016ರಲ್ಲಿ ಅದಕ್ಕೆ ಹಾಕುವ ದಿಢೀರ್ ಫಿಲ್ಮಾದ ಎಫ್‌ಪಿ-100ಸಿ ನಿಲ್ಲಿಸಿದೆ.

ನಾನು ಸ್ಟ್ಯಾಂಡ್ ಹಾಕಿ ನಿಧಾನವಾಗಿ ಚಿತ್ರ ತೆಗೆಯುವವನು. ಕಿಂಡಿಗೆ ಕಣ್ಣಿಟ್ಟು ನಿಲ್ಲಲು ನನಗೆ ಪುರುಸೊತ್ತಿದೆ. ಒಂದು ಒಳ್ಳೆಯ ಎ12ರ ಹಣಕ್ಕೆ ನನಗೆ ಸಂಖ್ಯೆ ಹೊಂದುವ ಎರಡು ಸಿ12 ಸಿಕ್ಕವು. ಒಂದರಲ್ಲಿ ಕಪ್ಪು-ಬಿಳುಪು, ಇನ್ನೊಂದರಲ್ಲಿ ಬಣ್ಣದ ಫಿಲ್ಮ್. ಬ್ಯಾಕ್ ಬದಲಿಸುವಾಗ ಅದರ ಪುಟ್ಟ ಗುರುತಿನ ಕಿಟಕಿಯೂ ಬಾಡಿಯ ಕಿಟಕಿಯೂ ಒಂದೇ ಬಣ್ಣ ತೋರಿಸುತ್ತಿರಬೇಕು: ಮುಂದಿನ ಚಿತ್ರಕ್ಕೆ ಸಿದ್ಧವಿದ್ದರೆ ಬಿಳಿ, ಇಲ್ಲದಿದ್ದರೆ ಕೆಂಪು. ಬಾಡಿ ಬಿಳಿ, ಬ್ಯಾಕ್ ಕೆಂಪು ಇದ್ದರೆ ಒಂದರ ಮೇಲೊಂದು ಚಿತ್ರ ಬೀಳುತ್ತದೆ. ಬಾಡಿ ಕೆಂಪಿದ್ದು ಬ್ಯಾಕ್ ಬಿಳಿಯಾಗಿದ್ದರೆ ಒಂದು ಫ್ರೇಮ್ ಖಾಲಿ ಹೋಗುತ್ತದೆ. ಈ ಶಿಸ್ತು ಎ12ರಲ್ಲೂ ತಪ್ಪಿದ್ದಲ್ಲ.