ಓಡಿ ನಿಲ್ಲುವ ಮೋವರ್‌ಗೆ ಮೂರು ಮದ್ದು: ಮಾಡಿ ನೋಡಿದ ಮೇಲೆ

ಹತ್ತಿ ಕೂತು ಓಡಿಸುವ, ಹುಲ್ಲು ಕತ್ತರಿಸುವ ಮೋವರ್ ಕೈಕೊಡುವುದರಲ್ಲಿ ಎರಡು ಬಗೆ. ಸ್ಟಾರ್ಟ್ ಆದ ಹತ್ತು ಸೆಕೆಂಡಿಗೇ ಉಸಿರು ಬಿಡುವುದು ಒಂದು. ಇಪ್ಪತ್ತು ನಿಮಿಷ ಚೆನ್ನಾಗಿ ಓಡಿ ಹುಲ್ಲಿನ ನಡುವೆ ನಿಂತುಬಿಡುವುದು ಇನ್ನೊಂದು. ಈ ಏಪ್ರಿಲ್‌ನಲ್ಲಿ ಎರಡಕ್ಕೂ ಒಂದೇ ಮದ್ದು ಹುಡುಕುತ್ತಾ ನಾನು ಎರಡು ವಾರ ಕಳೆದೆ.

ನಾವಿರುವುದು ಅಮೆರಿಕದ ನಾರ್ತ್ ಕ್ಯಾರೊಲೈನಾದಲ್ಲಿ, ರಾಲಿಯ ಹೊರಗೆ. ಮನೆ ಸುತ್ತ ಮುಕ್ಕಾಲು ಎಕರೆ ಫೆಸ್ಕ್ಯೂ ಹುಲ್ಲು. ವಸಂತದಲ್ಲಿ ಎರಡು ವಾರ ಬಿಟ್ಟರೆ ಪಾದ ಮುಳುಗುವಷ್ಟು ಏಳುತ್ತದೆ. ನಮ್ಮ ಗಾಡಿಗೆ 42 ಇಂಚಿನ ಡೆಕ್ (ಬ್ಲೇಡ್ ತಿರುಗುವ ಅಡಿಭಾಗ), 17.5 ಹಾರ್ಸ್‌ಪವರಿನ ಒಂದೇ ಸಿಲಿಂಡರ್. ನವೆಂಬರ್‌ನಲ್ಲಿ ಟ್ಯಾಂಕಿನಲ್ಲಿ ಅರ್ಧ ಪೆಟ್ರೋಲ್ ಇದ್ದ ಹಾಗೇ ಶೆಡ್ಡಿಗೆ ನೂಕಿದ್ದೆ. ತಪ್ಪು ಅಲ್ಲೇ ಆಗಿತ್ತು. ಇಲ್ಲಿ ಬಂಕುಗಳಲ್ಲಿ ಸಿಗುವ ಸಾಮಾನ್ಯ ಪೆಟ್ರೋಲಿನಲ್ಲಿ ಶೇ 10ರವರೆಗೆ ಎಥನಾಲ್ ಇರುತ್ತದೆ. ಎಥನಾಲ್ ತೇವ ಹೀರುತ್ತದೆ, ತೇವ ಹೆಚ್ಚಾದರೆ ನೀರಿನ ಜೊತೆ ಪೆಟ್ರೋಲಿನಿಂದ ಬೇರೆಯಾಗಿ ತಳಕ್ಕಿಳಿಯುತ್ತದೆ. ಹಳತಾದ ಪೆಟ್ರೋಲ್, ಗಾಳಿಗೆ ಪೆಟ್ರೋಲ್ ಬೆರೆಸಿ ಇಂಜಿನ್ನಿಗೆ ಕೊಡುವ ಕಾರ್ಬ್ಯುರೇಟರ್ ಒಳಗೆ ಅಂಟು ಕಟ್ಟುತ್ತದೆ.

ಯಾವ ಮದ್ದಿಗೂ ದುಡ್ಡು ಹಾಕುವ ಮುಂಚೆ ಒಂದು ಪರೀಕ್ಷೆ ಮಾಡಿ. ಏರ್ ಫಿಲ್ಟರ್ ತೆಗೆದು ಕಾರ್ಬ್ಯುರೇಟರ್ ಬಾಯಿಗೆ ಕಾರ್ಬ್ಯುರೇಟರ್ ಕ್ಲೀನರ್ ಸ್ಪ್ರೇ ಸ್ವಲ್ಪ ಹೊಡೆದು ಸ್ಟಾರ್ಟ್ ಮಾಡಿ. ಅದರ ಮೇಲೇ ಇಂಜಿನ್ ಒಂದೆರಡು ಕ್ಷಣ ಓಡಿ ನಿಂತರೆ ಕಿಡಿ ಸರಿ ಇದೆ, ಪೆಟ್ರೋಲ್ ಒಳಗೆ ಹೋಗುತ್ತಿಲ್ಲ ಎಂದು ಅರ್ಥ. ನನ್ನದು ಹಾಗೇ ಆಯಿತು.

ಮೊದಲು ಸುಲಭದ್ದನ್ನೇ ಹಿಡಿದೆ: ಹಳೆ ಪೆಟ್ರೋಲ್ ಖಾಲಿ ಮಾಡಿ, ಹೊಸದರ ಜೊತೆ ಟ್ಯಾಂಕಿಗೆ ಹಾಕುವ ಕ್ಲೀನರ್ ಸುರಿದು, ರಾತ್ರಿಯಿಡೀ ಬಿಟ್ಟೆ. ಹತ್ತು ಸೆಕೆಂಡು ಓಡುತ್ತಿದ್ದದ್ದು ಅರ್ಧ ಚೋಕ್ (ಗಾಳಿ ತಡೆದು ಪೆಟ್ರೋಲಿನ ಪಾಲು ಹೆಚ್ಚಿಸುವ ಕವಾಟ) ಎಳೆದರೆ ನಲವತ್ತು ಸೆಕೆಂಡು ಓಡಿತು, ಅಷ್ಟೇ. ಈ ದ್ರಾವಣ ಜೆಟ್ (ಕಾರ್ಬ್ಯುರೇಟರಿನಲ್ಲಿ ಪೆಟ್ರೋಲ್ ಹಾಯುವ ಸಣ್ಣ ತೂತಿನ ಬಿಡಿಭಾಗ) ಮೂಲಕ ಹರಿದರೆ ತಾನೇ ಕೆಲಸ ಮಾಡುವುದು? ಜೆಟ್ಟೇ ಮುಚ್ಚಿರುವಾಗ ಎಷ್ಟು ಸುರಿದರೂ ಟ್ಯಾಂಕಿನಲ್ಲೇ ಉಳಿಯುತ್ತದೆ.

ಎರಡನೆಯದು ಹೊಸ ಕಾರ್ಬ್ಯುರೇಟರ್. ಕಂಪನಿಯ ಅಸಲಿಗೆ ನೂರು ಡಾಲರ್ ದಾಟುತ್ತಿತ್ತು, ಆನ್‌ಲೈನ್‌ನಲ್ಲಿ ಅದರ ಪಡಿಯಚ್ಚು 28 ಡಾಲರ್‌ಗೆ ಸಿಕ್ಕಿತು, ಗ್ಯಾಸ್ಕೆಟ್ ಸಮೇತ. ಕೂರಿಸಲು ಒಂದು ಗಂಟೆ ಸಾಕಾಯಿತು. ಕೀ ತಿರುಗಿಸಿದ ಕೂಡಲೇ ಸ್ಟಾರ್ಟ್ ಆದಾಗ ನಿಜಕ್ಕೂ ಖುಷಿಯಾಯಿತು. ಆದರೆ ಇಂಜಿನ್ ಒಂದೇ ಸಮ ಓಡಲಿಲ್ಲ. ಏರಿ ಇಳಿದು, ಏರಿ ಇಳಿದು, ಏದುಸಿರು ಬಿಡುವವರ ಹಾಗೆ. ಚೋಕ್ ಸ್ವಲ್ಪ ಮುಚ್ಚಿದರೆ ಮಾತ್ರ ಸರಿಯಾಗುತ್ತಿತ್ತು. ಗಾಳಿಗೆ ತಕ್ಕಷ್ಟು ಪೆಟ್ರೋಲ್ ಬರದಿದ್ದರೆ ಹೀಗೇ ಆಗುವುದು. ದಟ್ಟ ಹುಲ್ಲಿಗೆ ಹೋದಾಗ ಬ್ಲೇಡ್ ಸೊರಗುವ ಸದ್ದು ಕೇಳಿ ಗಾಡಿ ನಿಲ್ಲಿಸಿದೆ.

ಕೊನೆಗೆ ಹಳೆಯದನ್ನೇ ಬಿಚ್ಚಿ ತೊಳೆಯಲು ಕೂತೆ. ಮೊದಲೇ ಮಾಡಬೇಕಿದ್ದ ಕೆಲಸ. ಅಂಗಳದಲ್ಲೇ ಮಾಡಿ, ಗ್ಯಾಸ್ ವಾಟರ್ ಹೀಟರ್ ಉರಿಯುವ ಗ್ಯಾರೇಜಿನಲ್ಲಿ ಬೇಡ, ಪೆಟ್ರೋಲ್ ಆವಿಗೆ ಬೆಂಕಿ ಹತ್ತೀತು. ಗಾಡಿಗೆ ಕೈ ಹಾಕುವ ಮುಂಚೆ ಕೀ ತೆಗೆದು, ಸ್ಪಾರ್ಕ್ ಪ್ಲಗ್ಗಿನ ವೈರ್ ಕಳಚಿಡಿ. ಕಾರ್ಬ್ಯುರೇಟರಿನ ಅಡಿಯಲ್ಲಿ ಪೆಟ್ರೋಲ್ ನಿಲ್ಲುವ ಬಟ್ಟಲಿನ ತಳದಲ್ಲಿ ಸಾಮಾನ್ಯವಾಗಿ ಸೊಲೆನಾಯ್ಡ್, ಅಂದರೆ ಕರೆಂಟಿನಿಂದ ಪೆಟ್ರೋಲ್ ಬಿಡುವ ಕವಾಟ, ಇರುತ್ತದೆ, ಕೀ ತಿರುಗಿಸಿದಾಗ ಟಕ್ ಎನ್ನಬೇಕು. ನನ್ನದರ ಟಕ್ ಸರಿಯಾಗಿಯೇ ಕೇಳಿತ್ತು. ಬಟ್ಟಲು ಬಿಚ್ಚಿ ಓರೆ ಮಾಡಿದರೆ ಪೆಟ್ರೋಲಿನ ಅಡಿಯಲ್ಲಿ ನೀರಿನ ಹನಿಗಳು ಕೆಸುವಿನ ಎಲೆಯ ಮೇಲಿನಂತೆ ಉರುಳಿದವು. ಅಂಚಿನಲ್ಲಿ ಸುಣ್ಣದಂಥ ಬಿಳಿ ಪುಡಿ. ಹಿತ್ತಾಳೆ ಜೆಟ್ ಬಿಚ್ಚಿ ಆಕಾಶಕ್ಕೆ ಹಿಡಿದೆ, ಬೆಳಕೇ ಕಾಣಲಿಲ್ಲ.

ಊರಲ್ಲಿ ಅಡಿಕೆ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವ ಪಂಪಿನ ಇಂಜಿನ್ ಮೊಂಡು ಹಿಡಿದಾಗ ಚಿಕ್ಕಪ್ಪ ವೈರಿನಿಂದ ತಾಮ್ರದ ಒಂದೆಳೆ ಕಿತ್ತು ಜೆಟ್ಟಿಗೆ ತೂರಿಸುತ್ತಿದ್ದರು. "ಸೂಜಿ ಹಾಕ್ಬೇಡ ಮಾರಾಯ, ತೂತು ದೊಡ್ಡದಾಗ್ತದೆ" ಎನ್ನುತ್ತಿದ್ದರು. ನಾನೂ ತಾಮ್ರದ ಎಳೆಯನ್ನೇ ತೂರಿಸಿದೆ. ಜೆಟ್ಟಿನ ಮೇಲಿನ ಕೊಳವೆಯ ಪಕ್ಕದ ಸಣ್ಣ ತೂತುಗಳನ್ನೂ ಬಿಡದೆ ಸ್ಪ್ರೇ ಹೊಡೆದೆ, ಒಂದೊಂದರಿಂದಲೂ ಧಾರೆ ಆಚೆ ಚಿಮ್ಮುವವರೆಗೆ. ಆಮೇಲೆ ಎಳೆಗಳನ್ನು ಹೊಸೆದು ಎರಡೂ ಜೆಟ್ಟಿಗೆ ಹಾಕಿ ನೋಡಿದೆ. ಹಳೆಯದರಲ್ಲಿ ಸಲೀಸಾಗಿ ನುಗ್ಗಿದ್ದು 28 ಡಾಲರಿನದರ ಬಾಯಲ್ಲೇ ಸಿಕ್ಕಿಕೊಂಡಿತು. ಹೊಸದು ಏದುಸಿರು ಬಿಟ್ಟದ್ದು ಯಾಕೆಂದು ಆಗ ಕಣ್ಣಾರೆ ಕಂಡಿತು.

ಎರಡೂವರೆ ಗಂಟೆ ಹಿಡಿಯಿತು. ಖರ್ಚು ಒಂದು ಸ್ಪ್ರೇ ಡಬ್ಬಿ ಮತ್ತು ಬಟ್ಟಲಿನ ಗ್ಯಾಸ್ಕೆಟ್. ಇಂಜಿನ್ ಮೊದಲಿನ ಹಾಗೇ ಒಂದೇ ಸಮ ಓಡಿತು. ರಿಪೇರಿ ಅಂಗಡಿಯವರು ಗಾಡಿ ಮುಟ್ಟಲು ಮೂರು ವಾರ ಆಗುತ್ತದೆ ಎಂದಿದ್ದರಿಂದ ಅದನ್ನು ಹೋಲಿಕೆಗೆ ತೆಗೆದುಕೊಂಡಿಲ್ಲ.

ಅಷ್ಟಾದ ಮೇಲೂ ಇಪ್ಪತ್ತು ನಿಮಿಷಕ್ಕೆ ಮತ್ತೆ ನಿಂತಿತು! ಕಾರ್ಬ್ಯುರೇಟರನ್ನು ಇನ್ನೊಮ್ಮೆ ಬಿಚ್ಚಲು ಹೊರಟವನು ಮೊದಲು ಟ್ಯಾಂಕಿನ ಮುಚ್ಚಳ ತಿರುಗಿಸಿದೆ. ಸುಯ್ ಎಂದು ಗಾಳಿ ಒಳಗೆ ನುಗ್ಗಿತು. ಮುಚ್ಚಳದ ಗಾಳಿ ರಂಧ್ರ ಕಸ ಕಟ್ಟಿ ಮುಚ್ಚಿಹೋಗಿ, ಪೆಟ್ರೋಲ್ ಇಳಿದಂತೆ ಟ್ಯಾಂಕಿನಲ್ಲಿ ನಿರ್ವಾತವಾಗಿ ಹರಿವೇ ನಿಲ್ಲುತ್ತಿತ್ತು. ಮುಚ್ಚಳ ಬದಲಿಸಿದೆ, ಅಲ್ಲಿಗೆ ಬಗೆಹರಿಯಿತು. ನನ್ನ ಮೂರು ಮದ್ದಿನಲ್ಲಿ ಒಂದೂ ಇದಕ್ಕೆ ತಾಗುತ್ತಿರಲಿಲ್ಲ.

ಮುಚ್ಚಳ ತೆಗೆದರೂ ಹೊರಡದಿದ್ದರೆ, ನಿಂತ ಕೂಡಲೇ, ಬಿಸಿ ಇರುವಾಗಲೇ, ಸ್ಪಾರ್ಕ್ ಟೆಸ್ಟರ್ ಹಾಕಿ ಕಿಡಿ ನೋಡಿ. ಕಿಡಿ ಹುಟ್ಟಿಸುವ ಕಾಯಿಲ್ ಬಿಸಿಯಾದಾಗ ಮಾತ್ರ ಕೈಕೊಡುವುದುಂಟು. ಉಬ್ಬು ತಗ್ಗಿನಲ್ಲಿ ಮೈ ಎತ್ತಿದಾಗ ನಿಲ್ಲುತ್ತಿದ್ದರೆ ಸೀಟಿನ ಮೇಲೆ ಜನ ಇಲ್ಲದಾಗ ಇಂಜಿನ್ ನಿಲ್ಲಿಸುವ, ಸೀಟಿನ ಕೆಳಗಿನ ಸ್ವಿಚ್ ನೋಡಿ. ಆ ಸ್ವಿಚ್ಚಿಗೆ ವೈರ್ ಸುತ್ತಿ ಅದನ್ನು ತಪ್ಪಿಸುವ ಉಪಾಯ ಹಲವರು ಹೇಳುತ್ತಾರೆ. ದಯವಿಟ್ಟು ಬೇಡ. ಗಾಡಿಯಿಂದ ಬಿದ್ದರೆ ಬ್ಲೇಡ್ ನಿಲ್ಲಿಸುವುದು ಅದೇ.

ನನ್ನ ತೀರ್ಪು: ಹತ್ತು ಸೆಕೆಂಡಿಗೆ ನಿಲ್ಲುವ ಇಂಜಿನ್ನಿಗೆ ಕೈಯಿಂದ ತೊಳೆಯುವುದೇ ಸರಿ. ಅಲ್ಯೂಮಿನಿಯಂ ತಿಂದುಹೋಗಿ ಗುಳಿ ಬಿದ್ದಿದ್ದರೆ ಮಾತ್ರ ಹೊಸದು, ಅದೂ ಅಸಲಿಯೇ. ಟ್ಯಾಂಕಿಗೆ ಸುರಿಯುವ ಕ್ಲೀನರ್ ಮುಚ್ಚಿದ ಜೆಟ್ ಬಿಡಿಸುವುದಿಲ್ಲ. ಬರುವ ನವೆಂಬರ್‌ನಲ್ಲಿ ನಾನು ಟ್ಯಾಂಕ್ ಖಾಲಿ ಮಾಡಿ, ಉಳಿದಷ್ಟು ಉರಿದು ತಾನಾಗಿ ನಿಲ್ಲುವವರೆಗೆ ಇಂಜಿನ್ ಓಡಿಸಿ, ಆಮೇಲೇ ಶೆಡ್ಡಿಗೆ ನೂಕುತ್ತೇನೆ.